ಎರಡೇ ಕೂಗು

ಶಿವಮೊಗ್ಗದಿಂದ ಹೊರಟ ಕೊನೆಯ ಬಸ್ಸು ಭದ್ರಾವತಿ ಮುಟ್ಟಿದಾಗ ಹತ್ತೂ ಮುಕ್ಕಾಲು. ವೀರೇಂದ್ರ ಒಬ್ಬನೇ ಇಳಿದ. ಮಳೆ ಆಗಷ್ಟೇ ನಿಂತಿತ್ತು. ಅವನ ಮನೆಗೆ ಕಾರ್ಖಾನೆಯ ಹಳೇ ಕ್ವಾರ್ಟರ್ಸ್ ದಾಟಿ ಹೋಗಬೇಕು. ಅಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಈಗ ಬೀಗ. ಮೂರನೇ ಸಾಲಿನ ಕೊನೆಯಲ್ಲಿ ಒಂದು ಬಾವಿ ಇದೆ, ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಬೀದಿದೀಪಗಳು ಬಾವಿಗಿಂತ ಒಂದು ಕಂಬ ಈಚೆಗೇ ಮುಗಿಯುತ್ತವೆ.

ಬಾವಿ ದಾಟಿ ಆರೇಳು ಹೆಜ್ಜೆ ಹೋಗಿದ್ದ.

"ವೀರಣ್ಣಾ..."

ಹಿಂದಿನಿಂದ. ಜೋರಾಗಿ ಅಲ್ಲ. ದೂರದಿಂದ ಕೂಗಿ ದಣಿದವರ ದನಿ.

ವೀರೇಂದ್ರ ನಿಂತ. ತಿರುಗಲಿಲ್ಲ. ಜಾಲರಿಯಿಂದ ನೀರು ಬಾವಿಯೊಳಗೆ ಬೀಳುತ್ತಿತ್ತು. ಟಿಪ್... ಟಿಪ್... ಹೀಗೆ ಒಂದು ನಿಮಿಷ ಕಳೆಯಿತು.

"ವೀರಣ್ಣಾ..."

ಅದೇ ದನಿ, ಅದೇ ಎಳೆತ. ಅದರ ಬೆನ್ನಿಗೆ ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿದ್ದ ಹಾಗೆ... ಥಪ್. ಅಷ್ಟೇ. ಮೂರನೆಯ ಕೂಗಿಗೆ ಕಾದ. ಬರಲಿಲ್ಲ.

ಅವನನ್ನು ವೀರಣ್ಣ ಎಂದು ಕರೆಯುತ್ತಿದ್ದವನು ಒಬ್ಬನೇ, ಹಳ್ಳದ ದಂಡೆಯ ಕರಿಯಪ್ಪ. ಕರಿಯಪ್ಪನನ್ನು ಮಣ್ಣು ಮಾಡಿ ಆ ರಾತ್ರಿಗೆ ಹನ್ನೆರಡು ದಿನವಾಗಿತ್ತು.

ಮನೆಗೆ ಬಂದವನ ಮುಖ ನೋಡಿ ತಾಯಿ ಪುಟ್ಟಲಕ್ಷ್ಮಿ ದನಿ ತಗ್ಗಿಸಿ ಕೇಳಿದರು. "ಏನಾಯ್ತೋ?"

"ಯಾರೋ ಕೂಗಿದ್ರು. ಬಾವಿ ಹತ್ರ."

"ಓಗೊಟ್ಯಾ?"

"ಇಲ್ಲ."

"ಒಳ್ಳೇದ್ ಮಾಡ್ದೆ. ಕಾಲ್ ತೊಳ್ಕೊಂಡ್ ಬಾ." ಅವರು ಬಾಗಿಲ ಚಿಲಕ ಹಾಕಿ ಅನ್ನ ಬಡಿಸಿದರು.

ರಾತ್ರಿ ಹೊತ್ತು ಹೆಸರು ಹಿಡಿದು ಕೂಗಿದರೆ ಒಂದೇ ಕೂಗಿಗೆ ಓಗೊಡಬಾರದು. ದೆವ್ವ ಒಂದು ಸಲ ಕೂಗಿ ನಿಲ್ಲಿಸುತ್ತದೆ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ. ಇದು ಪುಟ್ಟಲಕ್ಷ್ಮಿ ಮಗನಿಗೆ ಅವನು ಐದು ವರ್ಷದವನಿದ್ದಾಗಲೇ ಹೇಳಿಕೊಟ್ಟ ಮಾತು. ಮುಂದೆ ನಡೆದದ್ದಕ್ಕೆಲ್ಲ ಬೇರು ಈ ಮಾತಿನಲ್ಲೇ ಇತ್ತು.

ವೀರೇಂದ್ರನ ಕೆಲಸ ಶಿವಮೊಗ್ಗದ ಹೊಸಮನೆಯ ಒಂದು ಸಣ್ಣ ಕಂಪನಿಯಲ್ಲಿ. ಹಳ್ಳಗಳ ದಂಡೆಗೆ ಸೈರನ್ ಪೆಟ್ಟಿಗೆ ಮಾಡುವ ಕಂಪನಿ. ಭದ್ರಾವತಿಯಾಚೆ ಗುಡ್ಡದಿಂದ ಇಳಿದು ಬರುವ ಒಂದು ದೊಡ್ಡ ಹಳ್ಳಕ್ಕೆ ಅವರು ಹನ್ನೆರಡು ಕಂಬ ನಿಲ್ಲಿಸಿದ್ದರು. ಗುಡ್ಡದ ಬುಡದಲ್ಲಿ ಒಂದು ಅಳತೆ ಪೆಟ್ಟಿಗೆ. ನೀರು ಏರಿದರೆ ಅದು ವೈರ್‌ಲೆಸ್ಸಿನಲ್ಲಿ ಕೂಗುತ್ತದೆ. ಕೆಳಗಿನ ಕಂಬಗಳ ಪೆಟ್ಟಿಗೆಗಳು ಆ ಕೂಗು ಕೇಳಿ ಎದ್ದು ಸೈರನ್ ಹೊಡೆಯುತ್ತವೆ. ಎಲ್ಲವೂ ಸೋಲಾರ್. ಮಳೆಗಾಲದಲ್ಲಿ ಬಿಸಿಲು ಅಪರೂಪ. ಆದ್ದರಿಂದ ಪೆಟ್ಟಿಗೆ ಬ್ಯಾಟರಿ ಉಳಿಸಲು ಹೆಚ್ಚು ಹೊತ್ತು ಮಲಗಿರಬೇಕು.

ಪೆಟ್ಟಿಗೆಯ ಪ್ರೊಸೆಸರ್‌ನಲ್ಲಿ ನಾಲ್ಕು ಕೋರ್‌ಗಳಿವೆ. ನಾಲ್ಕು ಜನರ ಮನೆ ಅಂದುಕೊಳ್ಳಿ. ಮಲಗುವ ಮುಂಚೆ ಪ್ರತಿ ಕೋರೂ ತನ್ನ ಕೆಲಸ ಎಲ್ಲಿಗೆ ನಿಂತಿತು ಎಂದು ಬರೆದಿಡುತ್ತದೆ, ಎದ್ದಾಗ ಅಲ್ಲಿಂದಲೇ ಹಿಡಿಯಬೇಕಲ್ಲ. ಆಮೇಲೆ ಅದರ ಕರೆಂಟು ಹೋಗುತ್ತದೆ. ಕೊನೆಗೆ ಉಳಿದ ಕೋರ್, ಮಿಕ್ಕ ಮೂರೂ ಮಲಗಿದವೇ ಎಂದು ನೋಡಿ, ಇಡೀ ಮನೆಯ ದೀಪ ಆರಿಸಿ ತಾನೂ ಮಲಗುತ್ತದೆ. ನಮ್ಮ ಮನೆಗಳಲ್ಲೂ ಹಾಗೆಯೇ, ಕೊನೆಗೆ ಮಲಗುವವರು ಎಲ್ಲರೂ ಬಂದರೇ ಎಂದು ಎಣಿಸಿಯೇ ಚಿಲಕ ಹಾಕುವುದು. ಒಬ್ಬರು ಇನ್ನು ಬರುವುದಿಲ್ಲ ಎಂದು ಗೊತ್ತಿದ್ದರೂ ಚಿಲಕದ ಮೇಲೆ ಕೈ ಒಂದು ಗಳಿಗೆ ನಿಲ್ಲುತ್ತದೆ.

ಹೀಗೆ ಮಲಗಿದ ಕೋರ್ ತಾನಾಗಿ ಏಳಲಾರದು. ಯಾರಾದರೂ ಕರೆಯಬೇಕು. ಆ ಕರೆಗಾಗಿ ಒಂದು ಚೂರು ಸರ್ಕ್ಯೂಟ್ ಮಾತ್ರ ಜಗಲಿಯ ನಾಯಿಯ ಹಾಗೆ ಕಿವಿ ನಿಮಿರಿಸಿಕೊಂಡು ಎಚ್ಚರವಿರುತ್ತದೆ. ಯಾರು ಯಾವಾಗ ಮಲಗಬೇಕು, ಯಾವ ಕರೆಗೆ ಏಳಬೇಕು ಎನ್ನುವ ಈ ಕಟ್ಟಳೆಯನ್ನೆಲ್ಲ ಬರೆದಿಡುವುದು ಫರ್ಮ್‌ವೇರ್‌ನಲ್ಲಿ. ಹನ್ನೆರಡು ಪೆಟ್ಟಿಗೆಗಳಿಗೂ ಅದನ್ನು ಬರೆದವನು ವೀರೇಂದ್ರ.

ಮೊದಲ ತಿಂಗಳು ಸಿಡಿಲು ಹೊಡೆದರೂ ಪೆಟ್ಟಿಗೆಗಳು ಅದನ್ನೇ ಕರೆ ಎಂದುಕೊಂಡು ಎದ್ದು ಅರಚುತ್ತಿದ್ದವು. ಊರವರು ಬೈದರು. ಬ್ಯಾಟರಿ ಖಾಲಿಯಾಗುತ್ತಿತ್ತು. ಆಗ ವೀರೇಂದ್ರನಿಗೆ ತಾಯಿಯ ಮಾತು ನೆನಪಾಯಿತು. ನಿಮಿಷಕ್ಕೊಂದರಂತೆ ಮೂರು ಕರೆ ಬಂದರೆ ಮಾತ್ರ ಏಳು, ಇಲ್ಲವಾದರೆ ಮಲಗಿರು ಎಂದು ಬರೆದ. ಸುಳ್ಳು ಕರೆಗೆ ಏಳುವುದು ಅಲ್ಲಿಗೆ ನಿಂತಿತು. ಕಂಪನಿಯ ಯಜಮಾನ ಜನಾರ್ದನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನಿಮ್ಮಮ್ಮನ್ನೇ ಕೆಲ್ಸಕ್ಕೆ ತಗೋಬೇಕಿತ್ತು ಮಾರಾಯ!"

ಜೂನ್ ಮೊದಲ ವಾರ ಹತ್ತುಮೀನು ಶುರುವಾಯಿತು. ಹೊಸ ನೀರಿಗೆ ಮೀನು ಹಳ್ಳ ಹತ್ತಿ ಬರುವ ಕಾಲ ಅದು. ಜನ ರಾತ್ರಿಯೆಲ್ಲ ಟಾರ್ಚು ಹಿಡಿದು ನೀರಿಗಿಳಿಯುತ್ತಾರೆ. ಕರಿಯಪ್ಪನೂ ಇಳಿದಿದ್ದ. ಅಂದು ಗುಡ್ಡದಲ್ಲಿ ಏಕಾಏಕಿ ಮಳೆ ಹೊಡೆಯಿತು. ಮೇಲಿನ ಅಳತೆ ಪೆಟ್ಟಿಗೆ ಒಮ್ಮೆ ಕೂಗಿತು. ನಿಮಿಷ ಬಿಟ್ಟು ಇನ್ನೊಮ್ಮೆ ಕೂಗಿತು. ಮೂರನೆಯದಕ್ಕೆ ಮುಂಚೆ ಅದು ನಿಂತಿದ್ದ ದಂಡೆಯೇ ಕುಸಿದು ಪೆಟ್ಟಿಗೆ ಕೊಚ್ಚಿಹೋಯಿತು. ಕೆಳಗೆ ಹನ್ನೆರಡೂ ಪೆಟ್ಟಿಗೆಗಳು ಎರಡು ಕರೆ ಕೇಳಿ, ಮೂರನೆಯದಕ್ಕೆ ಕಾದು, ಮಲಗಿಯೇ ಇದ್ದವು.

ಸೈರನ್ ಹೊಡೆಯದೆ ಕರಿಯಪ್ಪ ಕೊಚ್ಚಿಹೋದದ್ದಕ್ಕೆ ಅಳತೆ ಪೆಟ್ಟಿಗೆ ನೀರುಪಾಲಾಗಿದ್ದೇ ಕಾರಣ ಎಂದು ಎಲ್ಲರೂ ನಂಬಿದರು. ನಿಜ ಗೊತ್ತಿದ್ದದ್ದು ವೀರೇಂದ್ರನಿಗೆ ಮತ್ತು ಜನಾರ್ದನನಿಗೆ ಮಾತ್ರ. ಕರಿಯಪ್ಪನ ಮನೆ ಮುಂದಿನ ಕಂಬದಿಂದ ಪೆಟ್ಟಿಗೆ ಬಿಚ್ಚಿ ತರಲು ವೀರೇಂದ್ರ ಹೋದಾಗ ಕರಿಯಪ್ಪನ ಹೆಂಡತಿ ಹಾಲಮ್ಮ ಏಣಿ ಹಿಡಿದುಕೊಂಡರು. ಪೆಟ್ಟಿಗೆ ಕೆಳಗಿಳಿದ ಮೇಲೆ ಒಂದೇ ಮಾತು ಆಡಿದರು. "ನಾನು ಎಚ್ಚರಾನೇ ಇದ್ದೆ ಕಣಪ್ಪ. ಇದು ಕೂಗ್ಲೇ ಇಲ್ಲ."

ಬಾವಿಯ ಹತ್ತಿರ ಕೂಗು ಕೇಳಿದ ಮಾರನೇ ದಿನ ವೀರೇಂದ್ರ ಹೊಸಮನೆಗೆ ಹೋದವನೇ ಆ ಪೆಟ್ಟಿಗೆಗೆ ಲ್ಯಾಪ್‌ಟಾಪ್ ಜೋಡಿಸಿದ. ಬಂದ ಪ್ರತಿ ಕರೆಯನ್ನೂ ಪೆಟ್ಟಿಗೆ ಬರೆದಿಡುತ್ತದೆ. ಇದರ ಆಂಟೆನಾ ಬಿಚ್ಚಿ ವಾರ ಕಳೆದಿತ್ತು. ಆದರೂ ಹಿಂದಿನ ರಾತ್ರಿಯ ಲೆಕ್ಕದಲ್ಲಿ ಎರಡು ಸಾಲಿದ್ದವು. ೧೦:೫೨, ಕರೆ ಒಂದು. ೧೦:೫೩, ಕರೆ ಎರಡು. ಕೋರ್‌ಗಳು ಎದ್ದಿರಲಿಲ್ಲ.

ಅವನು ಬಾವಿ ದಾಟಿದ ಹೊತ್ತು ಅದು.

ಜನಾರ್ದನ ಕನ್ನಡಕ ಏರಿಸಿ ನೋಡಿದ. "ಹಳೇ ಬ್ಯಾಟರಿ. ಏನೋ ಗಲೀಜು ಸಿಗ್ನಲ್ ಎದ್ದಿರತ್ತೆ ಬಿಡು."

"ಸಾರ್, ಉಳಿದ ಹನ್ನೊಂದ್ರಲ್ಲೂ ಆ ರೂಲ್ ಹಂಗೇ ಇದೆ. ಮೇಲೆ ಹೊಸ ಅಳತೆ ಪೆಟ್ಟಿಗೆ ಕೂರ್ಸಿದೀವಿ. ಇವತ್ತೇ ಬದಲಾಯಿಸ್ತೀನಿ. ಒಂದೇ ಕರೆಗೆ ಎದ್ದೇಳೋ ಹಂಗೆ."

"ಮುಟ್ಟಬೇಡ." ಜನಾರ್ದನ ಬಾಗಿಲ ಕಡೆ ನೋಡಿ ದನಿ ಇಳಿಸಿದ. "ಈಗ ಮುಟ್ಟಿದ್ರೆ ತಪ್ಪು ನಮ್ದೇ ಅಂತ ನಾವೇ ಡಂಗುರ ಸಾರ್ದಂಗೆ. ಮಳೆಗಾಲ ಕಳೀಲಿ."

"ಹತ್ತುಮೀನು ಇನ್ನೂ ಮುಗ್ದಿಲ್ಲ ಸಾರ್."

"ಮೀನು ಹಿಡಿಯೋರಿಗೆ ಆಕಾಶ ನೋಡೋಕ್ ಬರಲ್ವಾ? ನೀನೊಬ್ಬ ಸಿಕ್ಕಿದೀಯ ನಂಗೆ!"

ವೀರೇಂದ್ರ ಹೊರಗೆ ನೋಡಿದ. ಕಿಟಕಿಯಾಚೆ, ಭದ್ರಾವತಿಯ ದಿಕ್ಕಿಗೆ, ಮೋಡ ಮಸಿಯ ಹಾಗಿತ್ತು.

ಆ ದಿನ ಅವನು ಕತ್ತಲಾಗುವ ಮುಂಚೆಯೇ ಮನೆ ಸೇರಿದ. ಊಟ ಮುಗಿಸಿ ತಾಯಿ, ಮಗ ಕೂತಿದ್ದರು. ಹತ್ತೂವರೆಗೆ ಕರೆಂಟು ಹೋಯಿತು. ಹೆಂಚಿನ ಮೇಲೆ ಹನಿಗಳು ಬಿಡಿಬಿಡಿಯಾಗಿ ಬೀಳುತ್ತಿದ್ದವು. ಟಕ್... ಟಕ್ ಟಕ್... ಆಮೇಲೆ ಅದೂ ನಿಂತಿತು.

"ವೀರಣ್ಣಾ..."

ಈ ಸಲ ಬಾಗಿಲಿನಾಚೆ.

ಪುಟ್ಟಲಕ್ಷ್ಮಿ ಮಗನ ಮಣಿಕಟ್ಟು ಹಿಡಿದರು. ಅವರಿಗೂ ಕೇಳಿಸಿತ್ತು. ಗೋಡೆ ಗಡಿಯಾರದ ಮುಳ್ಳು ಅರವತ್ತು ಸಲ ಸದ್ದು ಮಾಡಿತು.

"ವೀರಣ್ಣಾ..."

ಹೊಸ್ತಿಲ ಮೇಲೆ ನೀರು ಸೋರಿದ ಸದ್ದು. ಮತ್ತೆ ಏನೂ ಇಲ್ಲ.

"ಅಮ್ಮಾ," ವೀರೇಂದ್ರ ಪಿಸುಗುಟ್ಟಿದ. "ದೆವ್ವ ಒಂದು ಸಲ. ಮನುಷ್ಯ ಮೂರು ಸಲ. ಎರಡೇ ಸಲ ಕೂಗೋರು ಯಾರು?"

ಪುಟ್ಟಲಕ್ಷ್ಮಿ ಬಾಗಿಲ ಕಡೆ ನೋಡಿದರು. "ಯಾರೋ ಗೊತ್ತಿಲ್ಲ ಮಗಾ. ಅಂಥದ್ದು ನಾನು ಕೇಳಿಲ್ಲ." ಆಮೇಲೆ ಇನ್ನೂ ಮೆಲ್ಲಗೆ ಹೇಳಿದರು. "ಮೂರನೇದು ಕೂಗೋಕೆ ಆಗ್ದೆ ಹೋದೋರು ಇರ್ಬೋದು."

ವೀರೇಂದ್ರ ತಾಯಿಯ ಕೈ ಬಿಡಿಸಿಕೊಂಡ.

"ಬೇಡ ಕಣೋ... ನನ್ನಾಣೆ..."

"ಓ," ಎಂದ ವೀರೇಂದ್ರ, ಬಾಗಿಲಿಗೆ ಮುಖ ಮಾಡಿ. "ಓ... ಬಂದೆ."

ಹೊರಗೆ ಒದ್ದೆ ಬರಿಗಾಲಿನ ಹೆಜ್ಜೆ. ಪಚ್... ಪಚ್... ಪಚ್... ಅಂಗಳ ದಾಟಿ ಹಳ್ಳದ ದಿಕ್ಕಿಗೆ ಹೋಯಿತು. ಬಾಗಿಲು ತೆಗೆದಾಗ ಯಾರೂ ಇರಲಿಲ್ಲ. ವೀರೇಂದ್ರ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೆನ್ನಿಗೆ ಹಾಕಿಕೊಂಡು, ಮಡಚುವ ಏಣಿ ಬೈಕಿಗೆ ಕಟ್ಟಿ ಹತ್ತಿದ. ಹಿಂದಿನಿಂದ ತಾಯಿ ಕೂಗಲಿಲ್ಲ. ಹೊರಟವರನ್ನು ಹಿಂದಿನಿಂದ ಕರೆಯಬಾರದು.

ಹನ್ನೊಂದು ಕಂಬ. ಒಂದೊಂದಕ್ಕೂ ಹತ್ತಿ, ಪೆಟ್ಟಿಗೆ ತೆರೆದು, ವೈರು ಚುಚ್ಚಿ, ಒಂದೇ ಕರೆಗೆ ಏಳುವ ಹೊಸ ಫರ್ಮ್‌ವೇರ್ ತುಂಬಿ, ಪೆಟ್ಟಿಗೆಯನ್ನು ಮತ್ತೆ ಮಲಗಿಸಬೇಕು. ಪರದೆಯ ಮೇಲೆ ಸಾಲುಗಳು ಬರುತ್ತಿದ್ದವು. ಕೋರ್ ಮೂರು ಮಲಗಿತು. ಕೋರ್ ಎರಡು ಮಲಗಿತು. ಕೋರ್ ಒಂದು ಮಲಗಿತು. ಕೊನೆಗೆ ಸೊನ್ನೆ. ಆಮೇಲೆ ಪೆಟ್ಟಿಗೆಯೊಳಗೆ ಸಣ್ಣಗೆ ಕ್ಲಿಕ್. ಒಂದೊಂದು ಕಂಬಕ್ಕೆ ಹದಿನೈದು ನಿಮಿಷ ಹಿಡಿಯಿತು. ಕೆಳಗೆ ಹಳ್ಳದಲ್ಲಿ ಅಲ್ಲಲ್ಲಿ ಟಾರ್ಚುಗಳು. ಯಾರೋ ನಕ್ಕರು. "ಏ ಲೈನ್‌ಮ್ಯಾನು, ನಿಂಗೂ ಮೀನು ಬೇಕೇನೋ?" ಮೇಲಕ್ಕೆ ಬನ್ನಿ ಎಂದು ಅವನು ಪ್ರತಿ ಕಂಬದ ಮೇಲಿಂದಲೂ ಕೂಗಿ ಹೇಳಿದ. ಯಾರೂ ಬರಲಿಲ್ಲ. ಇಲ್ಲಿ ಮಳೆಯೇ ಇರಲಿಲ್ಲವಲ್ಲ.

ಹನ್ನೊಂದನೇ ಪೆಟ್ಟಿಗೆ ಮಲಗಿದಾಗ ಎರಡೂವರೆ. ಅವನು ಏಣಿಯ ಬುಡದಲ್ಲಿ ಕುಸಿದು ಕೂತ. ಕೈ ಬೆರಳುಗಳು ಸೆಟೆದಿದ್ದವು.

ಎರಡು ನಲವತ್ತೆಂಟಕ್ಕೆ ಹನ್ನೊಂದು ಸೈರನ್‌ಗಳೂ ಒಟ್ಟಿಗೆ ಎದ್ದವು. ಟಾರ್ಚುಗಳು ಚದುರಿದವು, ದಂಡೆ ಹತ್ತಿದವು, ಜನ ಹೆಸರು ಹಿಡಿದು ಒಬ್ಬರನ್ನೊಬ್ಬರು ಕರೆದರು. ಆಮೇಲೆ ಮೇಲಿನಿಂದ ಕಲ್ಲು ಉರುಳಿಸಿಕೊಂಡು ನೀರು ಬಂತು. ಬಿದಿರು ಮುರಿಯುವ ಸದ್ದು, ಅದರ ಹಿಂದೆ ಬರೀ ಮೊರೆತ. ಅಷ್ಟರಲ್ಲಿ ಹಳ್ಳದಲ್ಲಿ ಒಬ್ಬರೂ ಉಳಿದಿರಲಿಲ್ಲ.

ಬೆಳಿಗ್ಗೆ ಪಂಚಾಯ್ತಿ ಕಟ್ಟೆಯ ಮುಂದೆ, ಜನಾರ್ದನ ತೋಳು ಹಿಡಿದು ಎಳೆಯುತ್ತಿದ್ದರೂ, ವೀರೇಂದ್ರ ಎಲ್ಲವನ್ನೂ ಹೇಳಿದ. ಮೂರು ಕರೆಯ ಕಟ್ಟಳೆ ಬರೆದವನು ತಾನು ಎಂದ. ಅದಕ್ಕೇ ಆ ರಾತ್ರಿ ಪೆಟ್ಟಿಗೆ ಏಳಲಿಲ್ಲ ಎಂದ. ಹಾಲಮ್ಮ ಸೆರಗು ಬಿಗಿದುಕೊಂಡು ನಿಂತು ಕೇಳಿದರು. ಬೈಯಲಿಲ್ಲ.

"ನಿನ್ನೆ ಎಷ್ಟು ಜನ ದಂಡೆ ಹತ್ತಿದ್ರು?"

"ಹದಿನಾಲ್ಕು, ಅಮ್ಮ."

ಅವರು ತಲೆ ಆಡಿಸಿ ಮನೆ ಕಡೆ ನಡೆದರು. ಅದು ಕ್ಷಮೆಯೋ ಅಲ್ಲವೋ ವೀರೇಂದ್ರನಿಗೆ ಇವತ್ತಿಗೂ ಗೊತ್ತಿಲ್ಲ.

ಇನ್ನೊಂದು ಸಂಗತಿ ಇದೆ. ಕರೆ ಬಂದ ಹೊತ್ತಿನ ಜೊತೆಗೆ, ಅದು ಎಷ್ಟು ಹತ್ತಿರದಿಂದ ಕೇಳಿಸಿತು ಎನ್ನುವುದನ್ನೂ ಪೆಟ್ಟಿಗೆ ನೂರರ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ. ಗುಡ್ಡದ ಅಳತೆ ಪೆಟ್ಟಿಗೆಯ ಕೂಗು ಮೊದಲ ಕಂಬಕ್ಕೆ ಮೂವತ್ತು ಇದ್ದರೆ ಹೆಚ್ಚು. ಕೊನೆಯ ಕಂಬ ಎಂಟು ಕಿಲೋಮೀಟರ್ ದೂರ, ಅಲ್ಲಿ ಹತ್ತಕ್ಕಿಂತ ಮೇಲೆ ಎಂದೂ ಬಂದದ್ದಿಲ್ಲ. ಮಾರನೇ ದಿನ ಎಲ್ಲರೆದುರು ಲೆಕ್ಕ ತೆಗೆದು ಪ್ರಿಂಟ್ ಮಾಡಿದರು. ಆ ಹಾಳೆಯನ್ನು ಮುಟ್ಟಿ ಓದಿದವರು ಇನ್ನೂ ಇದ್ದಾರೆ, ಇದರಲ್ಲಿ ಕಟ್ಟಿ ಹೇಳಿದ್ದು ಒಂದಕ್ಷರವೂ ಇಲ್ಲ. ಹನ್ನೊಂದು ಪೆಟ್ಟಿಗೆ, ಹನ್ನೊಂದು ಸಾಲು, ೨:೪೮ಕ್ಕೆ ಒಂದೊಂದೇ ಕರೆ. ಪ್ರತಿ ಸಾಲಿನ ಕೊನೆಯಲ್ಲೂ ನೂರು. ಕಂಬವನ್ನು ಕೈಯಲ್ಲಿ ಹಿಡಿದುಕೊಂಡೇ ಕೂಗಿದರೆ ಮಾತ್ರ ನೂರು ಬರುತ್ತದೆ.