ಬೂದು ಶರ್ಟಿನ ಬೆನ್ನು

ನನ್ನದಲ್ಲದ ಬಟ್ಟೆಯ ತುಂಡೊಂದನ್ನು ಯಾರನ್ನೂ ಕೇಳದೆ ತೆಗೆದುಕೊಂಡು ಹೋಗಿದ್ದೇನೆ. ಅದು ತಪ್ಪು. ನನ್ನ ಹೆಸರು ಐಲಾ ನೀಮಿ, ವಯಸ್ಸು ಇಪ್ಪತ್ತೆರಡು, ಕೌದಿ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ, ವಾಸ ಮಿನೆಸೋಟ ರಾಜ್ಯದ ಟಾಮರಾಕ್ ಫಾಲ್ಸ್, ಮೂರನೇ ರಸ್ತೆ, ಮನೆ ಸಂಖ್ಯೆ 418. ನಡೆದದ್ದನ್ನು ನಡೆದ ಕ್ರಮದಲ್ಲೇ ಪೊಲೀಸ್ ಸಾರ್ಜೆಂಟ್ ಹಾಲ್ವರ್ಸನ್ ಅವರ ಮುಂದೆ ಹೇಳುತ್ತಿದ್ದೇನೆ.

ನಾನು ಕೆಲಸ ಮಾಡುವುದು ಡೆಲೋರಿಸ್ ಬ್ರಾಂಟ್ ಅವರ ಅಂಗಡಿಯಲ್ಲಿ. ತೀರಿಕೊಂಡವರ, ದೂರ ಹೋದವರ ಹಳೆಯ ಟೀ ಶರ್ಟುಗಳನ್ನು ಜನ ತರುತ್ತಾರೆ. ನಾವು ಕೌದಿ ಮಾಡಿಕೊಡುತ್ತೇವೆ. ಶರ್ಟಿನ ಯಾವ ಬದಿ ಕೌದಿಗೆ ಬೇಕೋ ಆ ಬದಿಗೆ ಗಿರಾಕಿಯೇ ಪಿನ್ನು ಚುಚ್ಚಿ ತರಬೇಕು. ಪಿನ್ನಿಲ್ಲದ ಬದಿ ಚಿಂದಿ ಚೀಲಕ್ಕೆ. ಪ್ರತಿ ಶುಕ್ರವಾರ ನಾಲ್ಕು ಗಂಟೆಗೆ ಆ ಚೀಲ ಅರ್ಧ ಮೈಲಿ ದೂರದ ರಸ್ ಪೆಲ್ಟಿಯರ್ ಅವರ ಗ್ಯಾರೇಜಿಗೆ, ಎಣ್ಣೆ ಒರೆಸಲು ಹೋಗುತ್ತದೆ.

ಅಕ್ಟೋಬರ್ 2, ಬುಧವಾರ ಬೆಳಿಗ್ಗೆ 10.15ಕ್ಕೆ ಮಾರ್ಗಿ ಲೈಟಿನೆನ್ ಅವರ ಗಂಟು ಬಿಚ್ಚಿದೆ. ಅವರ ಗಂಡ ಐನೋ ಕಾಗದದ ಗಿರಣಿಯಲ್ಲಿದ್ದವರು, ಕಳೆದ ಮಾರ್ಚಿನಲ್ಲಿ ತೀರಿಕೊಂಡರು. ಒಟ್ಟು ಹದಿನಾರು ಶರ್ಟು. ಹದಿನೈದರಲ್ಲಿ ಪಿನ್ನು ಚಿತ್ರವಿದ್ದ ಕಡೆಗೇ ಇತ್ತು: ಬೌಲಿಂಗ್ ತಂಡ, ಮೀನು ಹಿಡಿಯುವ ಸ್ಪರ್ಧೆ, ಕಾರ್ಮಿಕ ಸಂಘದ ವನಭೋಜನ. ಹದಿನಾರನೆಯದು ಬೂದು ಬಣ್ಣದ್ದು. ಪಿನ್ನು ಮುಂಭಾಗಕ್ಕಿತ್ತು, ಆದರೆ ಅಲ್ಲಿ ಒಂದು ಕಾಫಿ ಕಲೆ ಬಿಟ್ಟರೆ ಏನೂ ಇರಲಿಲ್ಲ. ಖಾಲಿ ಬಟ್ಟೆಯನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಡೆಲೋರಿಸ್ ಅವರನ್ನು ಕೇಳಿದೆ.

“ಅವಳು ಪಿನ್ನು ಚುಚ್ಚಿದಾಳೆ, ನೀನು ಕತ್ತರಿಸು. ನಾವು ಹೊಲಿಯೋರು ಕಣೇ, ಪತ್ತೇದಾರರಲ್ಲ” ಎಂದರು.

ಹದಿನೈದು ಇಂಚಿನ ಚೌಕ ಕತ್ತರಿಸಿದೆ. ಆಮೇಲೆ ಬೆನ್ನಿನ ಭಾಗ ತಿರುಗಿಸಿ ನೋಡಿದೆ. ಕಪ್ಪು ಮಾರ್ಕರಿನಲ್ಲಿ ಕೈಯಿಂದ ಬರೆದ ಹೆಸರುಗಳು; ಮೇಲೆ ‘ಗೇಟು ಕಾಯುವವರು, ಮುಷ್ಕರ, 1989’ ಎಂದಿತ್ತು. ಕೊನೆಯ ಹೆಸರು ಟೋಯ್ವೊ ನೀಮಿ. ಅದರ ಮೇಲೆ ಗೆರೆ ಎಳೆದು ಹೊಡೆದುಹಾಕಲಾಗಿತ್ತು. ಟೋಯ್ವೊ ನೀಮಿ ನನ್ನ ತಾತ; ಅವರು ಈಗಿಲ್ಲ. ಹೆಸರುಗಳನ್ನು ಎಣಿಸುವ ಮೊದಲೇ ಡೆಲೋರಿಸ್ ಆ ತುಂಡನ್ನು ನನ್ನ ಕೈಯಿಂದ ತೆಗೆದು ಚೀಲಕ್ಕೆ ಹಾಕಿ, ಇಸ್ತ್ರಿ ಪೆಟ್ಟಿಗೆ ಬಿಸಿಗಿಡಲು ಹೇಳಿದರು.

ನನ್ನ ತಾತ ಗಿರಣಿಯ ಆ ಮುಷ್ಕರದಲ್ಲಿ ಹತ್ತು ತಿಂಗಳು ಗೇಟು ಬಿಟ್ಟು ಕದಲಲಿಲ್ಲ ಎಂದು ಮನೆಯಲ್ಲಿ ಕೇಳಿ ಬೆಳೆದವಳು ನಾನು. ಪ್ರತಿ ಗುರುವಾರ ಗಿರಣಿಯ ಗೇಟಿನಲ್ಲಿ ಕಾರ್ಮಿಕ ಸಂಘದ ಪರವಾಗಿ ನಾನು ಹಂಚುವ ಕರಪತ್ರದ ಮೊದಲ ಸಾಲೂ ಅದೇ. ಆ ಸಾಲು ನಾನೇ ಬರೆದದ್ದು. ಅದು ಸುಳ್ಳಾಗಿದ್ದರೆ ಓದುವವರಿಗಿಂತ ಮೊದಲು ನನಗೆ ತಿಳಿಯಬೇಕು. ಅಕ್ಟೋಬರ್ 3, ಗುರುವಾರ ನಾನು ಕರಪತ್ರ ಹಂಚಲಿಲ್ಲ.

ಅಕ್ಟೋಬರ್ 4, ಶುಕ್ರವಾರ ಸಂಜೆ 5.40ಕ್ಕೆ ಗ್ಯಾರೇಜಿಗೆ ನಡೆದುಹೋದೆ. ರಸ್ ಅವರು ಟ್ರಕ್ಕಿನ ಕೆಳಗೆ ಮಲಗಿದ್ದರು, ಬೂಟುಗಳು ಮಾತ್ರ ಕಾಣುತ್ತಿದ್ದವು. ಬಾಯಿಬಿಟ್ಟು ಕೇಳಿದ್ದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಕೇಳಲಿಲ್ಲ. ಮೂಲೆಯಲ್ಲಿ ನಾಲ್ಕು ಚೀಲಗಳಿದ್ದವು. ಮೂರನೆಯದರಲ್ಲಿ ಸಿಕ್ಕಿತು; ಅದರ ಒಂದು ಅಂಚಿನಲ್ಲಿ ಆಗಲೇ ಎಣ್ಣೆ ಒರೆಸಿದ್ದರು. ಚೀಲ ಬಿದ್ದ ಸದ್ದಿಗೆ ರಸ್ ಕೂಗಿದರು: “ಯಾರದು? ಚಿಂದಿ ಕದಿಯೋ ಕಳ್ಳರೂ ಹುಟ್ಕೊಂಡ್ರಾ ಈ ಊರಲ್ಲಿ? ಕೇಳಿದ್ರೆ ಚೀಲಾನೇ ಕೊಡ್ತಿದ್ನಲ್ಲೋ!” ನಾನು ಹಿಂದಿನ ಬಾಗಿಲಿನಿಂದ ಓಡಿದೆ.

ಮನೆಯಲ್ಲಿ ಎಣಿಸಿದೆ. ಇಪ್ಪತ್ತಮೂರು ಹೆಸರು. ಇಪ್ಪತ್ತೆರಡರ ಮೇಲೆ ಏನೂ ಇಲ್ಲ. ತಾತನ ಹೆಸರಿನ ಮೇಲಿನ ಗೆರೆ ಮಾತ್ರ ನೀಲಿ, ಎರಡು ಸಲ ಎಳೆದದ್ದು, ಎರಡನೆಯ ಸಲ ಬಟ್ಟೆ ಸ್ವಲ್ಪ ಹರಿಯುವಷ್ಟು ಒತ್ತಿ.

ಅಕ್ಟೋಬರ್ 5, ಶನಿವಾರ ಬೆಳಿಗ್ಗೆ 9.05ಕ್ಕೆ ಸಾರ್ಜೆಂಟ್ ಫೋನ್ ಮಾಡಿದರು. ರಸ್ ಅವರು ದೂರು ಕೊಟ್ಟಿದ್ದರು, ಓಡುವಾಗ ನನ್ನನ್ನು ಕಂಡವರು ಹೆಸರು ಹೇಳಿದ್ದರಂತೆ. 9.30ಕ್ಕೆ ತುಂಡನ್ನು ಠಾಣೆಗೆ ಒಪ್ಪಿಸಿದೆ. ಸೋಮವಾರ ಬಂದು ಹೇಳಿಕೆ ಕೊಡಲು ಹೇಳಿದರು.

ಅಕ್ಟೋಬರ್ 6, ಭಾನುವಾರ ಮಧ್ಯಾಹ್ನ 2 ಗಂಟೆಗೆ ಮಾರ್ಗಿಯವರ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಎರಡು ಲೋಟಕ್ಕೂ ಕಾಫಿ ಬಗ್ಗಿಸಿದರು. ಏಲಕ್ಕಿ ಬ್ರೆಡ್ಡಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

“ಪಿನ್ನು ಎಲ್ಲಿ ಚುಚ್ಚಿದ್ದೆ ನಾನು?”

ಮುಂದೆ, ಎಂದೆ.

“ಮತ್ತೆ ಹಿಂದೆ ಯಾಕೆ ಇಣುಕಿದೆ? ಆ ಅಂಗಡೀಲಿ ಕತ್ತರಿ ಹಿಡಿಯೋಳು ಟೋಯ್ವೊ ಮೊಮ್ಮಗಳು ಅಂತ ಗೊತ್ತಿದ್ದೇ ಮುಂದಕ್ಕೆ ಚುಚ್ಚಿದ್ದು ಕಣೇ, ಪೆದ್ದಿ.”

ತಾತ ಮುಷ್ಕರ ಮುರಿದು ಒಳಗೆ ಹೋದರೇ ಎಂದು ಕೇಳಿದೆ. ಹೌದು ಇಲ್ಲ ಅಂತ ಕರಪತ್ರದಲ್ಲಿ ಬರೀಬಹುದು, ಈ ವಿಷಯ ಅಷ್ಟು ಚಿಕ್ಕದಲ್ಲ ಎಂದರು. ಹಾಗಾದರೆ ಗೆರೆ ಎಳೆದವರು ಐನೋ ಅವರೇ ಎಂದು ಕೇಳಿದೆ.

“ಐನೋ ಅಲ್ಲ. ನಿನ್ನ ತಾತನೇ. ಇದೇ ಮೇಜಿನ ಮೇಲೆ, ನನ್ನ ಪೆನ್ನಲ್ಲಿ. ಐನೋ ಅವನ ಕೈ ಹಿಡಿದು ಬೇಡ ಅಂದ್ರು, ಅವನು ಬಿಡಿಸ್ಕೊಂಡು ಇನ್ನೊಂದ್ಸಲ ಎಳೆದ.”

ಯಾಕೆ ಎಂದು ಮೂರು ಸಲ ಕೇಳಿದೆ. ಬಟ್ಟೆ ಕಣ್ಣೆದುರಿಗಿಲ್ಲದೆ ಆ ಮಾತು ಆಡುವುದಿಲ್ಲ ಎಂದರು. ಬಾಗಿಲವರೆಗೆ ಬಂದು ಹೇಳಿದ್ದು ಇಷ್ಟು: “ಶನಿವಾರ ನಾಲ್ಕಕ್ಕೆ ಹಬೆಸ್ನಾನಕ್ಕೆ ಸೌನಾ ಒಲೆ ಹಚ್ತೀನಿ. ನೀನು ಮೂರಕ್ಕೆ ಬಾ. ಎಲ್ಲಾ ಕೇಳಿಸ್ಕೊ. ಆಮೇಲೆ ಅದು ಕೌದಿಗೋ ಒಲೆಗೋ, ಇಬ್ರೂ ಸೇರಿ ತೀರ್ಮಾನ ಮಾಡೋಣ. ನಾನೊಬ್ಬಳೇ ಮಾಡಿದ್ದು ಸರಿಹೋಗ್ಲಿಲ್ಲ.”

ಡೆಲೋರಿಸ್ ಅವರದಾಗಲಿ ರಸ್ ಅವರದಾಗಲಿ ಇದರಲ್ಲಿ ತಪ್ಪಿಲ್ಲ. ನನಗೆ ಏನು ಶಿಕ್ಷೆಯಾದರೂ ಒಪ್ಪಿಗೆ. ಬಟ್ಟೆಯನ್ನು ಮಾತ್ರ ಅದರ ಒಡತಿಗೆ ಮುಟ್ಟಿಸಲು ಶನಿವಾರ ಎರಡು ಗಂಟೆಯೊಳಗೆ ಬಿಟ್ಟುಕೊಡಬೇಕೆಂದು ಕೋರುತ್ತೇನೆ. ಈ ವಾರವೂ ನಾನು ಕರಪತ್ರ ಹಂಚುವುದಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಕಂಡದ್ದನ್ನು, ಮಾಡಿದ್ದನ್ನು ಹೇಳಿದ್ದೇನೆ. ಸೇರಿಸಿದ್ದೂ ಇಲ್ಲ, ಮುಚ್ಚಿಟ್ಟದ್ದೂ ಇಲ್ಲ.

ಸ್ಥಳ: ಟಾಮರಾಕ್ ಫಾಲ್ಸ್
ದಿನಾಂಕ: ಅಕ್ಟೋಬರ್ 7, 2024
ಸಹಿ: ಐಲಾ ನೀಮಿ

ಸಹಿಯ ನಂತರ ಸೇರಿಸಿದ್ದು: ಬಟ್ಟೆ ಬಿಟ್ಟುಕೊಡಲು ಸಾರ್ಜೆಂಟ್ ಒಪ್ಪಿದ್ದಾರೆ. ಭೇಟಿ ಮಾರ್ಗಿ ಲೈಟಿನೆನ್ ಅವರ ಅಡುಗೆಮನೆಯಲ್ಲಿ, ಅಕ್ಟೋಬರ್ 12, ಶನಿವಾರ, ಮಧ್ಯಾಹ್ನ ಮೂರು ಗಂಟೆಗೆ.