ಮೇನ್ ಸ್ವಿಚ್ ವಿಷಯವಾಗಿ ಕೊಟ್ರಬಸಪ್ಪ ಕೊಟ್ಟ ಎರಡನೇ ಹೇಳಿಕೆ

ಹೆಸರು ಕೊಟ್ರಬಸಪ್ಪ, ವಯಸ್ಸು 67 ವರ್ಷ, ಕಾಲೇಜಿನ ನಿವೃತ್ತ ಗುಮಾಸ್ತ, ವಿಧುರ, ವಾಸ ಸ್ಟೇಷನ್ ರಸ್ತೆ, ಹಗರಿಬೊಮ್ಮನಹಳ್ಳಿ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ, ದಿನಾಂಕ 14-05-2024 ರಂದು ನನ್ನ ಮನೆಯಲ್ಲಿ ಶಾಕ್ ಹೊಡೆದು ತೀರಿಕೊಂಡ ನಳದ ಕೆಲಸದ ಶೇಖಾವಲಿ, ವಯಸ್ಸು 44, ಇವರಿಗೆ ಮೇನ್ ಸ್ವಿಚ್ ಇಳಿಸಲು ನಾನು ಹೇಳಿದರೂ ಅವರು ಕೇಳಲಿಲ್ಲವೆಂದು ಅಂದು ಸಂಜೆ ಬರೆಸಿದ ಮಾತು ಸುಳ್ಳು.

ನನ್ನಲ್ಲಿ ಎಸ್‌ಪ್ರೆಸೊ ಕಾಫಿ ಮಿಷನ್ ಇದೆ. ಅದರ ಹಿಂದಿನ ಎರಡು ಲೀಟರ್ ಡಬ್ಬಿಗೆ ನೀರು ತುಂಬುತ್ತಿದ್ದವಳು ನನ್ನ ಪತ್ನಿ ಗುರುಬಸಮ್ಮ. ಆಕೆ ಹೋದ ಮೇಲೆ ನಾನು ಮರೆತು ಮಿಷನ್ ಎರಡು ಸಲ ಒಣಗಿ ಕಾದಿತ್ತು. ನೀರು ತಾನಾಗಿಯೇ ತುಂಬಿಕೊಳ್ಳಲೆಂದು ಪೈಪ್ ಹಾಕಿಸಲು ಶೇಖಾವಲಿಯವರನ್ನು ಕರೆಸಿದೆನು.

ಅವರು ಮಧ್ಯಾಹ್ನ 1.20ಕ್ಕೆ ಬಂದರು. ಮಿಷನ್ ನೋಡಿ, "ಊರಿಗೆ ಎಂಟು ದಿನಕ್ಕೊಮ್ಮಿ ನೀರು, ಇದಕ್ಕ ಇಪ್ಪತ್ನಾಕು ತಾಸಾ? ನಮಗಿಂತ ಇದರ ಬಾಳೇ ಚಲೋ ಐತಿ ಬಿಡ್ರಿ ಸಾರ್" ಎಂದರು. ಮಾಳಿಗೆಯ ಟ್ಯಾಂಕಿನ ನೀರಿಗೆ ಒತ್ತಡ ಸಾಲಲಿಲ್ಲ. ಪ್ರೆಶರ್ ಈಸ್ ಈಕ್ವಲ್ ಟು ಹೈಟ್ ಇಂಟು ಇನ್ನೇನೋ, ಕಾಲೇಜಿನಲ್ಲಿ ಓದಿದ್ದೆ, ಮುಂದಿನದು ನೆನಪಿಲ್ಲ. ಹೀಗಾಗಿ ಸಣ್ಣ ಮೋಟರ್ ಕೂಡಿಸಲು ಫ್ರಿಜ್ಜಿನ ಬೋರ್ಡಿನಿಂದ ವೈರ್ ಎಳೆಯಬೇಕಾಯಿತು. ಪೈಪ್ ಕತ್ತರಿಸಿದ್ದರಿಂದ ನೆಲ ಒದ್ದೆಯಾಗಿತ್ತು.

ಅಂದು ಲೈನ್ ರಿಪೇರಿಗೆಂದು ಬೆಳಿಗ್ಗೆ 10ಕ್ಕೆ ಕರೆಂಟ್ ತೆಗೆದಿದ್ದರು. 5ಕ್ಕೆ ಬರುವುದೆಂದು ಮೊಬೈಲಿಗೆ ಮೆಸೇಜ್ ಇತ್ತು. 3.40ಕ್ಕೆ ಶೇಖಾವಲಿ ಬೋರ್ಡ್ ಬಿಚ್ಚುವ ಮುಂಚೆ, "ಸಾರ್, ಮೇನ್ ಇಳಿಸಿ ಬರ್ರಿ" ಎಂದರು. ನಾನು, "ಇಳಿಸಿದ್ರ ಕರೆಂಟ್ ಬಂದದ್ದು ಹೆಂಗ ಗೊತ್ತಾಗ್ಬೇಕು? ಪಡಸಾಲಿ ಲೈಟಿನ ಸ್ವಿಚ್ ಹಾಕಿಟ್ಟೀನಿ, ಹತ್ತಿದ ಕೂಡ್ಲೆ ಕೂಗ್ತೀನಿ. ನೋ ಕರೆಂಟ್, ನೋ ಡೇಂಜರ್" ಎಂದೆನು. ಅವರು ತಾವೇ ಇಳಿಸಲು ಎದ್ದು ಅಡುಗೆಮನೆಯ ಬಾಗಿಲವರೆಗೆ ಬಂದರು. "ನನ್ನ ಮಾತಿನ ಮ್ಯಾಲೆ ನಂಬಿಕಿ ಇಲ್ಲೇನು ನಿನಗ?" ಎಂದು ನಾನು ಕೇಳಿದೆನು. "ಕಾಲೇಜ್ನಾಗ ಇದ್ದೋರು ನೀವು, ನಾ ಏನ್ ಹೇಳ್ಲಿ" ಎಂದು ನಕ್ಕು ಹಿಂದಿರುಗಿ ಕುಳಿತರು.

3.52ಕ್ಕೆ ಲೈಟ್ ಹತ್ತಿತು. ನಾನು ಪಡಸಾಲೆಯ ಕುರ್ಚಿಯಲ್ಲಿ ಎಚ್ಚರವಾಗಿಯೇ ಇದ್ದೆನು. ಕೂಗಿದೆನು. ಕೂಗಿದ್ದು ನಿಜ. ಒಳಗಿನಿಂದ ಉತ್ತರ ಬರಲಿಲ್ಲ. ಮೇನ್ ಸ್ವಿಚ್ ನನ್ನ ಕುರ್ಚಿಯಿಂದ ಒಂಬತ್ತು ಅಡಿ. ಆಗ ಹೋಗಿ ಇಳಿಸಿದೆನು. 4.25ಕ್ಕೆ ಆಸ್ಪತ್ರೆಯಲ್ಲಿ ಜೀವ ಹೋಗಿದೆಯೆಂದು ಡಾಕ್ಟರು ಹೇಳಿದರು.

ಅಲ್ಲಿಗೆ ಬಂದ ಪಕ್ಕದ ಮನೆಯ ಹುಲುಗೇಶ, "ಮೇನ್ ಇಳಸಂತ ಹೇಳಿದ್ದೆ, ಅವ ಕೇಳ್ಲಿಲ್ಲ ಅಂತ ಬರಸ್ರಿ. ಸತ್ತಾವ ಎದ್ದು ಬಂದು ಇಲ್ಲ ಅಂತಾನೇನು?" ಎಂದನು. ಹಾಗೆಯೇ ಬರೆಸಿದೆನು.

ನಿನ್ನೆ ಬೆಳಿಗ್ಗೆ 9.15ಕ್ಕೆ ಮೃತರ ಹೆಂಡತಿ ಫಕೀರಬಿ ನಮ್ಮ ಮನೆಗೆ ಬಂದರು. ಕೂಡಲು ಹೇಳಿದರೂ ಕೂಡಲಿಲ್ಲ. "ಇಪ್ಪತ್ತೆರಡು ವರ್ಷ ಮೇನ್ ಇಳಸದ ವೈರ್ ಮುಟ್ಟಿದೋರಲ್ರಿ ಅವರು. ಅವತ್ತು ನೀವು ಹೇಳಿದ್ರೂ ಕೇಳ್ಲಿಲ್ಲಂತ. ಮನಸ್ಸಿಗೆ ಹಚ್ಕೊಂಡು ಬಂದಿದ್ರೇನ್ರಿ? ಹೊರಡೋ ಹೊತ್ತಿಗೆ ನಾನೇ ಬಾಯಿ ಮಾಡಿದ್ದೆ" ಎಂದು ಕೇಳಿದರು. ನಾನು ಬಾಗಿಲವರೆಗೆ ಹೋಗಿ ಅವರನ್ನು ಕಳಿಸಿ ಬಂದೆನು.

ಆಕೆಯ ಬಾಯಿಗೂ ಈ ಸಾವಿಗೂ ಸಂಬಂಧವಿಲ್ಲ. ಶೇಖಾವಲಿ ಮರೆತಿರಲಿಲ್ಲ, ಎದ್ದಿದ್ದರು. ಕೂಡಿಸಿದವನು ನಾನು. ಇದನ್ನು ಫಕೀರಬಿಯವರನ್ನು ಕರೆಸಿ, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು, ಓದಿ ಹೇಳಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಈ ಸಲ ತೆಗೆಯುವ ಮಾತು ಯಾವುದೂ ಇಲ್ಲ.

ಸ್ಥಳ: ಹಗರಿಬೊಮ್ಮನಹಳ್ಳಿ
ದಿನಾಂಕ: 23-05-2024
(ಸಹಿ) ಕೊಟ್ರಬಸಪ್ಪ