ಭಾವನ ಕೋಗಿಲೆ

ಕಣ್ಣಿನ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕನ ಗಂಡ ಒಳಗೆ ಕಣ್ಣು ತೋರಿಸುತ್ತಿದ್ದ.

“ಹಿತ್ತಿಲಲ್ಲಿ ಹಕ್ಕಿಗಳಿಗೆ ಕಾಳು ಹಾಕೋ ತಟ್ಟೆ ಹತ್ರ ಕೋಗಿಲೆ ಬಂದಿದೆ ಅಂತ ಭಾವ ಫೋಟೋ ಕಳಿಸಿದ್ರಲ್ಲಕ್ಕಾ, ಅದು ಗಿಡುಗ.”

“ನಂಗೊತ್ತು ಕಣೇ.”

“ಮತ್ತೆ ಅವರಿಗೆ ಹೇಳಬಾರ್ದಾ?”

“ಹೇಳಿದೆ. ಕೊಕ್ಕು ನೋಡಿ, ಹೇಗೆ ಬಾಗಿದೆ ಅಂದೆ. ಫೋಟೋದಲ್ಲಿ ಹಾಗೆ ಕಾಣುತ್ತೆ ಅಂದ್ರು.”

“ಅದು ಕಾಳು ಮುಟ್ಟುತ್ತಾ?”

“ಮುಟ್ಟಲ್ಲ. ಪಾಪ, ಸಂಕೋಚದ ಹಕ್ಕಿಯಂತೆ.”

“ಉಳಿದ ಹಕ್ಕಿಗಳು?”

“ಅದು ಬಂದ ಕೂಡಲೇ ಪರಾರಿ. ಗೌರವ ಕೊಟ್ಟು ಜಾಗ ಬಿಡ್ತಾವೆ ಅಂತಾರೆ. ಆಫೀಸಲ್ಲಿ ಇವರು ಹೋಗಿ ಕೂತ ಕಡೆಯೆಲ್ಲ ಜನ ಎದ್ದು ಹೋಗ್ತಾರಲ್ಲ, ಅದನ್ನೂ ಹಾಗೇ ತಿಳ್ಕೊಂಡಿದ್ದಾರೆ.”

“ಕಾಳಿಗೆ ಬರ್ತಿತ್ತಲ್ಲ, ನಿನ್ನ ಆ ಕುಂಟು ಪಾರಿವಾಳ, ಹುಷಾರಾಗಿದೆಯಾ?”



“ನಿನ್ನೆ ಹೋಯ್ತು. ಪುಕ್ಕ ಗುಡಿಸಿದವಳು ನಾನೇ. ಬೆಕ್ಕಿನ ಕೆಲಸ ಅಂದ್ರು.”

“ಯಾವ ಬೆಕ್ಕು?”

“ನಾನೂ ಅದನ್ನೇ ಕೇಳಿದೆ. ಹುಡುಕ್ತಾ ಇದ್ದಾರೆ.”

ಬಾಗಿಲು ತೆರೆಯಿತು. ಆತ ಗೆದ್ದು ಬಂದವನ ಹಾಗೆ ಹೊರಗೆ ಬಂದ.

“ನನ್ನ ಕಣ್ಣಲ್ಲಿ ಒಂದು ಚೂರೂ ದೋಷ ಇಲ್ಲವಂತೆ.”

ಅಕ್ಕ ಚೀಲ ಎತ್ತಿಕೊಂಡಳು.

“ಹಾಗಾದ್ರೆ ಇದಕ್ಕೆ ಮದ್ದಿಲ್ಲ ಬಿಡು,” ಎಂದು ತಂಗಿಗೆ ಹೇಳಿ ಮೆಟ್ಟಿಲಿಳಿದಳು.